ಕಿಕ್ ಹೊಡೆಯೋ ಮೊದಲು ಬ್ರೇಕ್ ಲಿವರ್ ಒತ್ತಿ

ದೇವರಾಜ ಮೊಹಲ್ಲಾದ ನಮ್ಮ ಮನೆಯಿಂದ ಮಾತಾಡ್ತಿದ್ದೀನಿ.

ಹೋದ ತಿಂಗಳು ಅಪ್ಪನ ಹಳೇ ಬೈಕಲ್ಲಿ ಚಾಮುಂಡಿ ಬೆಟ್ಟ ಇಳೀತಿದ್ದೆ, ಹಿಂದೆ ಅಮ್ಮ. ತಿರುವಲ್ಲಿ ಮುಂದಿನ ಬ್ರೇಕ್ ಒತ್ತಿದ್ರೆ ಲಿವರ್ ಮೆತ್ತಗೆ ಹ್ಯಾಂಡಲ್‌ವರೆಗೂ ಬಂತು. ಹಿಂದಿನ ಬ್ರೇಕು, ಗೇರು ನಂಬಿ ಹೇಗೋ ಇಳಿದೆ.

"ಟೈಟ್ ಮಾಡ್ಸೋ" ಅಂದ್ರು ಅಪ್ಪ. ಅವರು ಕಲಿತದ್ದು ನಮ್ಮೂರಲ್ಲೇ ತಯಾರಾಗ್ತಿದ್ದ ಯೆಜ್ಡಿಯಲ್ಲಿ. ಅದರದ್ದು ಡ್ರಮ್ ಬ್ರೇಕು, ನಟ್ಟು ತಿರುಗಿಸಿದ್ರೆ ಬಿಗಿ. ಡಿಸ್ಕಲ್ಲಿ ಹಾಗಲ್ಲ, ಕೆಲಸ ಮಾಡೋದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಲ್ಲ. ತೇವ ಹೀರಿದ್ರೆ ಆ ಮಿತಿ 155ರ ಹತ್ತಿರಕ್ಕೆ ಇಳಿಯುತ್ತೆ. ಇಳಿಜಾರಲ್ಲಿ ಬ್ರೇಕ್ ಹಿಡಿದೇ ಬಂದ್ರೆ ಕುದ್ದು ಆವಿಯಾಗುತ್ತೆ. ಒತ್ತಿದಾಗ ಆವಿ ಕುಗ್ಗುತ್ತೆ, ಒತ್ತಡ ಪ್ಯಾಡಿಗೆ ಮುಟ್ಟಲ್ಲ. ಬಿಕಾಂನಲ್ಲಿ ಓದಿದ ಡಿಪ್ರಿಸಿಯೇಷನ್ ಇದೇ ನೋಡಿ: ಗಾಡಿ ನಿಂತಿದ್ರೂ ಆಯಿಲ್ ಹಳೇದಾಗ್ತಾನೇ ಇರುತ್ತೆ.

ಮೆಕ್ಯಾನಿಕ್ ಅಣ್ಣ ಮೊದಲು ಹೊಸ ಆಯಿಲ್ ತುಂಬಿ, ಗುಳ್ಳೆ ನಿಲ್ಲೋವರೆಗೂ ಗಾಳಿ ತೆಗೆದ್ರು. ಆಮೇಲೆ ಕ್ಯಾಲಿಪರ್ ಬಿಚ್ಚಿ, ಪಿಸ್ಟನ್ ಕೊಳೆ ಒರೆಸಿ, ಒಳಕ್ಕೆ ತಳ್ಳಿ ಹೊಸ ಪ್ಯಾಡ್ ಕೂರಿಸಿದ್ರು. ಗ್ರೀಸ್ ಹಚ್ಚಿದ್ದು ಕ್ಯಾಲಿಪರ್ ಜಾರೋ ಪಿನ್ನಿಗೆ ಮಾತ್ರ. ಪ್ಯಾಡಿಗೂ ಡಿಸ್ಕಿಗೂ ಚೂರೂ ತಾಗಬಾರದು.

ಎಲ್ಲ ಮುಗೀತು ಅಂತ ಕಿಕ್ ಹೊಡೆಯೋಕೆ ಹೋದೆ. "ಮೊದಲು ಲಿವರ್ ಒತ್ತಿ ಸಾರ್" ಅಂದ್ರು. ಒತ್ತಿದ್ರೆ ಮತ್ತೆ ಹ್ಯಾಂಡಲ್‌ವರೆಗೂ ಬಂತು! ಒಳಕ್ಕೆ ತಳ್ಳಿದ ಪಿಸ್ಟನ್ ಹೊರಗೆ ಬಂದು ಪ್ಯಾಡು ಡಿಸ್ಕಿಗೆ ತಾಗೋಕೆ ಹಲವು ಸಲ ಒತ್ತಬೇಕಂತೆ. ಒತ್ತುತ್ತಾ ಹೋದೆ, ಲಿವರ್ ಗಟ್ಟಿಯಾಯ್ತು. ಹಾಗೇ ಹೊರಟಿದ್ರೆ ಮೊದಲ ಸಿಗ್ನಲಲ್ಲೇ ಬ್ರೇಕ್ ಸಿಗ್ತಿರಲಿಲ್ಲ.

ನಿಮ್ಮ ಗಾಡಿಯ ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಯ್ತಾ? ಈ ಭಾನುವಾರವೇ ತೋರಿಸಿ. ಸಿಗೋಣ.