ಆದೇಶದೊಳಗಿನ ಕಾರಣ: ಆಡಳಿತ ಕಾನೂನು ಮತ್ತು ಸರ್ಕಾರಿ ಕಡತ



ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟವರಿಗೆಲ್ಲ ಹಿಂಬರಹದ ಪರಿಚಯವಿದೆ. ‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಪರಿಗಣಿಸಲು ಅವಕಾಶವಿರುವುದಿಲ್ಲ’ ಎಂಬ ಒಂದು ಸಾಲು, ಕೆಳಗೆ ಮೊಹರು, ಸಹಿ. ಯಾವ ನಿಯಮ, ಅರ್ಜಿಯಲ್ಲಿ ಕೊರತೆಯೇನು, ಒಪ್ಪದಿದ್ದರೆ ಮೇಲ್ಮನವಿ ಯಾರಿಗೆ, ಇವು ಯಾವುವೂ ಅಲ್ಲಿರುವುದಿಲ್ಲ. ಅಧಿಕಾರ ಚಲಾಯಿಸುವವರು ತಮ್ಮ ಕಾರಣವನ್ನು ಆ ಹೊತ್ತಿನಲ್ಲೇ, ಆ ಆದೇಶದಲ್ಲೇ ಬರೆಯಬೇಕು. ಆಡಳಿತ ಕಾನೂನು ನಮ್ಮ ಕಚೇರಿಗಳಿಗೆ ಹೇಳಿಕೊಟ್ಟ ದೊಡ್ಡ ಪಾಠ ಇದು. ಕಚೇರಿಗಳು ಇನ್ನೂ ಪೂರ್ತಿ ಕಲಿಯದ ಪಾಠವೂ ಇದೇ. ಇಂದು ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ನಮ್ಮಲ್ಲಿ ಆಡಳಿತ ಕಾನೂನು ಎಂಬ ಹೆಸರಿನ ಒಂದೇ ಸಂಹಿತೆಯಿಲ್ಲ. ಸಂವಿಧಾನದ 14, 32, 226, 311ರಂಥ ವಿಧಿಗಳು, ನೂರಾರು ಕಾಯ್ದೆಗಳು, ಅವುಗಳಡಿಯ ನಿಯಮಗಳು, ನ್ಯಾಯಾಲಯದ ತೀರ್ಪುಗಳು ಕೂಡಿ ಅದು ಬೆಳೆದಿದೆ. ಆ ಬೆಳವಣಿಗೆಯ ಒಂದು ಮುಖ್ಯ ತಿರುವಿನಲ್ಲಿ ನಮ್ಮ ಕಾರ್ಕಳದ ಕಡೆಯವರೊಬ್ಬರಿದ್ದಾರೆ: ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ.

1969ರ ಕ್ರೈಪಾಕ್ ಪ್ರಕರಣ ಅದು. ಹೊಸದಾಗಿ ರೂಪುಗೊಂಡಿದ್ದ ಭಾರತೀಯ ಅರಣ್ಯ ಸೇವೆಗೆ ಜಮ್ಮು ಮತ್ತು ಕಾಶ್ಮೀರದ ಅಧಿಕಾರಿಗಳನ್ನು ಆರಿಸಬೇಕಿತ್ತು. ಆಯ್ಕೆ ಮಂಡಳಿಯಲ್ಲಿ ಕುಳಿತಿದ್ದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೇ ಆ ಸೇವೆಗೆ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಅವರು ಚರ್ಚೆಯಿಂದ ದೂರವಿದ್ದರು. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಮಾತ್ರ ಕುಳಿತಿದ್ದರು. ಪಟ್ಟಿ ಹೊರಬಿದ್ದಾಗ ಅವರದೇ ಮೊದಲ ಹೆಸರು. ಇದು ಬರೀ ಆಡಳಿತದ ಕೆಲಸ, ತನ್ನದೇ ವಿಷಯಕ್ಕೆ ತಾನೇ ತೀರ್ಪುಗಾರನಾಗಬಾರದೆನ್ನುವ ಸಹಜ ನ್ಯಾಯದ ತತ್ವ ಇಲ್ಲಿಗೆ ಬಾರದು ಎಂದು ಸರ್ಕಾರ ವಾದಿಸಿತು. ಐವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ತೀರ್ಪು ಬರೆದ ಹೆಗ್ಡೆಯವರು ಅದನ್ನು ಒಪ್ಪಲಿಲ್ಲ. ಆಡಳಿತಾಧಿಕಾರಕ್ಕೂ ಅರೆನ್ಯಾಯಿಕ ಅಧಿಕಾರಕ್ಕೂ ನಡುವಿನ ಗೆರೆ ತೆಳ್ಳಗಾಗಿದೆ, ಬರಬರುತ್ತಾ ಅಳಿಸಿಹೋಗುತ್ತಿದೆ ಎಂದರು. ಆಯ್ಕೆ ರದ್ದಾಯಿತು. ‘ಇದು ಆಡಳಿತ ವಿಷಯ’ ಎಂದು ಕಡತ ಮುಚ್ಚುವ ನೆಪ ಅಂದಿನಿಂದ ಬಲ ಕಳೆದುಕೊಂಡಿತು.

ಪಕ್ಷಪಾತವಿರಬಾರದು ಎಂಬುದು ಒಂದು ಮೆಟ್ಟಿಲಾದರೆ ಕಾರಣ ಬರೆಯಬೇಕು ಎಂಬುದು ಮುಂದಿನ ಮೆಟ್ಟಿಲು. 1977ರ ಲೋಕಸಭಾ ಚುನಾವಣೆಯಲ್ಲಿ ಪಂಜಾಬಿನ ಫಿರೋಜ್‌ಪುರ ಕ್ಷೇತ್ರದ ಮತ ಎಣಿಕೆಯಲ್ಲಿ ಗಲಭೆಯಾಗಿ, ಚುನಾವಣಾ ಆಯೋಗ ಇಡೀ ಮತದಾನವನ್ನೇ ರದ್ದುಮಾಡಿತು. ಮೊಹಿಂದರ್ ಸಿಂಗ್ ಗಿಲ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಒಂದು ಸೂತ್ರವನ್ನು ಗಟ್ಟಿಮಾಡಿತು: ಶಾಸನಬದ್ಧ ಅಧಿಕಾರಿಯ ಆದೇಶ ನಿಲ್ಲಬೇಕಾದದ್ದು ಅದರಲ್ಲೇ ಬರೆದ ಕಾರಣಗಳ ಮೇಲೆ, ಆಮೇಲೆ ಪ್ರಮಾಣಪತ್ರ ಸಲ್ಲಿಸಿ ಹೊಸ ಕಾರಣ ಜೋಡಿಸುವಂತಿಲ್ಲ. ಕಚೇರಿಯ ಮಟ್ಟದಲ್ಲಿ ಇದರ ಪರಿಣಾಮ ದೊಡ್ಡದು. ವಿಷಯ ನಿರ್ವಾಹಕರು ಬರೆಯುವ ಟಿಪ್ಪಣಿ ನಾಳೆ ಹೈಕೋರ್ಟಿನಲ್ಲಿ ಓದಿಸಿಕೊಳ್ಳಬಹುದು. ಆ ಅರಿವಿದ್ದರೆ ಬರೆಯುವ ಮೊದಲೇ ಯೋಚನೆ ತಿದ್ದಿಕೊಳ್ಳುತ್ತದೆ.

ಕಾರಣ ಬರೆದರಷ್ಟೇ ಸಾಲದು, ಅದು ಕಾಯ್ದೆಯ ಉದ್ದೇಶಕ್ಕೂ ಹೊಂದಬೇಕು. ಇದಕ್ಕೆ ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಕೊಡುತ್ತೇನೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಮುಖ್ಯಮಂತ್ರಿಗಳ ನಿರ್ದೇಶನದ ಮೇರೆಗೆ ಖಾಸಗಿ ಆಸ್ಪತ್ರೆಗೆ ಕೊಡಲಾಯಿತು. ನಿವಾಸಿಗಳು ರಿಟ್ ಹಾಕಿದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಗೆಲುವನ್ನು ಎತ್ತಿಹಿಡಿಯಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಯೋಜನೆ ಬದಲಿಸಲು ಅಧಿಕಾರ ಕೊಟ್ಟಿರುವುದು ಯೋಜನೆ ಸುಧಾರಿಸಲಿ ಎಂದು. ಉದ್ಯಾನವನ್ನು ಖಾಸಗಿಯವರಿಗೆ ದಾಟಿಸುವುದು ಸುಧಾರಣೆಯಾಗದು. ಆಸ್ಪತ್ರೆ ಒಳ್ಳೆಯದೇ ಆದರೂ ಕಾಯ್ದೆ ಹಾಕಿದ ದಾರಿಯನ್ನು ಬಿಟ್ಟು ಅದನ್ನು ತರಲಾಗದು. ಬಡಾವಣೆಯ ಸಾಮಾನ್ಯ ನಿವಾಸಿಗೂ ಪ್ರಶ್ನಿಸುವ ಹಕ್ಕಿದೆ ಎಂಬುದನ್ನೂ ಈ ತೀರ್ಪು ನೆಲೆಗೊಳಿಸಿತು.

ಇಂಥ ತೀರ್ಪುಗಳು ಆಡಳಿತದ ಕೈಕಟ್ಟುತ್ತವೆ, ಕೆಲಸ ನಿಧಾನವಾಗುತ್ತದೆ ಎಂಬ ದೂರು ಕೇಳಿಬರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರವಾಹ ಬಂದಾಗ, ರೋಗ ಹರಡುವಾಗ ತಹಶೀಲ್ದಾರರು ವಿಚಾರಣೆ ನಡೆಸುತ್ತ ಕೂರಲಾಗದು. ಕಾನೂನು ಹಾಗೆ ಕೇಳುವುದೂ ಇಲ್ಲ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ತುರ್ತಿದ್ದರೆ ಮೊದಲು ಕ್ರಮ ಕೈಗೊಂಡು ಬೇಗನೆ ಅಹವಾಲು ಕೇಳಬಹುದೆಂದು ಕೋರ್ಟ್ ಒಪ್ಪಿತು. ಆದರೆ ನಾಲ್ಕು ಸಾಲು ಕಾರಣ ಬರೆಯಲು ಬೇಕಾಗುವ ಸಮಯ ಕಡಿಮೆ. ಅದು ಉಳಿಸುವ ವ್ಯಾಜ್ಯದ ಕಾಲ ಹೆಚ್ಚು. ‘ಮೇಲಿನಿಂದ ಹೇಳಿದ್ದಾರೆ’ ಎಂಬ ಒತ್ತಡ ಬಂದಾಗ ಪ್ರಾಮಾಣಿಕ ಅಧಿಕಾರಿಗೆ ಆಸರೆಯಾಗುವುದೂ ಕಡತದಲ್ಲಿ ಅವರೇ ಬರೆದಿಟ್ಟ ಕಾರಣ.

ಶಾಸನಗಳೂ ಈ ದಾರಿಯಲ್ಲಿ ಮುಂದೆ ಬಂದಿವೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಆಡಳಿತಾತ್ಮಕ ನಿರ್ಧಾರದ ಕಾರಣವನ್ನು ಬಾಧಿತರಿಗೆ ತಿಳಿಸುವುದು ಕಚೇರಿಯ ಕರ್ತವ್ಯ ಎನ್ನುತ್ತದೆ. 2012ರಲ್ಲಿ ಜಾರಿಗೆ ಬಂದ ನಮ್ಮ ‘ಸಕಾಲ’ ವ್ಯವಸ್ಥೆ ಸೇವೆಗೆ ಗಡುವು ಹಾಕಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಗೊತ್ತುಮಾಡಿತು. ಮೊತ್ತ ಚಿಕ್ಕದು, ತತ್ವ ದೊಡ್ಡದು. ಆದರೆ ಸಕಾಲದ ಕಂಪ್ಯೂಟರ್ ಪರದೆ ದಿನಗಳನ್ನು ಎಣಿಸಬಲ್ಲದು, ಕಾರಣದ ಗುಣವನ್ನು ಅಳೆಯಲಾರದು. ಗಡುವಿನೊಳಗೆ ಬಂದ ಒಂದು ಸಾಲಿನ ತಿರಸ್ಕಾರವೂ ಲೆಕ್ಕದಲ್ಲಿ ವಿಲೇವಾರಿಯೇ.

ಆದ್ದರಿಂದ ನನ್ನ ಕೋರಿಕೆ ಸರಳ. ಪ್ರತಿ ಹಿಂಬರಹದಲ್ಲಿ ಮೂರು ಸಂಗತಿ ಕಡ್ಡಾಯವಾಗಲಿ: ಅನ್ವಯಿಸಿದ ನಿಯಮ, ಕಂಡುಬಂದ ಸತ್ಯಾಂಶ, ಮೇಲ್ಮನವಿಯ ವಿಳಾಸ ಮತ್ತು ಅವಧಿ. ಅಧಿಕಾರಿಗಳ ತರಬೇತಿಯಲ್ಲಿ ಸಕಾರಣ ಆದೇಶ ಬರೆಯುವುದನ್ನು ಕನ್ನಡದಲ್ಲೇ, ನಿಜವಾದ ಕಡತಗಳನ್ನಿಟ್ಟುಕೊಂಡು ಕಲಿಸಲಿ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಆ ಕುರ್ಚಿಗಳಲ್ಲಿ ಕೂರುತ್ತೀರಿ. ಹೈಕೋರ್ಟಿಗೆ ಹೋಗುವ ಶಕ್ತಿ ಇರುವವರು ಕೆಲವೇ ಮಂದಿ. ಉಳಿದವರೆಲ್ಲರಿಗೆ ನೀವು ಸಹಿ ಹಾಕುವ ಆ ಹಾಳೆಯೇ ಮೊದಲ ತೀರ್ಪು, ಹಲವರಿಗೆ ಕೊನೆಯ ತೀರ್ಪು. ಅದನ್ನು ತೀರ್ಪಿಗೆ ಸಲ್ಲುವ ಎಚ್ಚರದಿಂದ ಬರೆಯಿರಿ.