ಹೊರಗಿನ ಚೀಟಿಯ ಲೆಕ್ಕ

(ಮಂಡ್ಯದಲ್ಲಿ ಕಾರ್ಖಾನೆ ಕೆಲಸಗಾರರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ಬೆಲೆಯ ವಿಚಾರ ಮಾತಾಡುತ್ತೇನೆಂದು ಬಂದವರು ಕ್ಷಮಿಸಬೇಕು. ಈ ಹೊತ್ತು ಹತ್ತಿ, ಬ್ಯಾಂಡೇಜು, ಸೂಜಿ, ಗ್ಲೂಕೋಸ್ ಬಾಟಲಿಗಳ ವಿಚಾರ ಹೇಳಬೇಕೆಂದಿದ್ದೇನೆ.

ಮಳವಳ್ಳಿ ಕಡೆಯ ನನ್ನ ನೆಂಟರೊಬ್ಬರಿಗೆ ಕಬ್ಬು ಕಡಿಯುವಾಗ ಮಚ್ಚು ಕಾಲಿಗೆ ಬಿತ್ತು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾವ ಆಸ್ಪತ್ರೆ ಎಂಬುದು ಬೇಡ. ಅಲ್ಲಿನ ಡಾಕ್ಟರು ಒಳ್ಳೆಯವರು. ಹೊಲಿಗೆ ಹಾಕುವುದಕ್ಕೆ ಕಾಸು ಕೇಳಲಿಲ್ಲ. ಆದರೆ ಒಂದು ಚೀಟಿ ಬರೆದುಕೊಟ್ಟರು. ಹೊಲಿಗೆಯ ದಾರ, ಕೈಗವಸು, ಇಂಜೆಕ್ಷನ್, ಎಲ್ಲವೂ ಹೊರಗಿನ ಅಂಗಡಿಯಿಂದ. 'ಸ್ಟಾಕಿಲ್ಲ' ಎಂದರು. ಚೀಟಿಯ ಬಾಬ್ತು ಅವರ ಒಂದು ದಿನದ ಕೂಲಿಯನ್ನು ಮೀರಿತು. ಮಲಗಿದ ದಿನಗಳ ಕೂಲಿ ಹೋದದ್ದು ಬೇರೆ. ಆಸ್ಪತ್ರೆಯ ಲೆಕ್ಕದಲ್ಲಿ ಇದು ಉಳಿತಾಯವಾಗಿ ಕಾಣಬಹುದು. ಖರ್ಚು ಹೆಗಲು ಬದಲಾಯಿಸಿತು, ಅಷ್ಟೆ.

ಸ್ಟಾಕು ಯಾಕಿಲ್ಲ? ವರ್ತಕ ಬಂಧುಗಳಿಗೆ ಇದು ಬೇಗ ಅರ್ಥವಾದೀತು. ಜಿಎಸ್‌ಟಿ ಲೆಕ್ಕ ಬರೆಯುವ ನೀವು ಸರಕು ಕೊಳ್ಳುವಾಗ ತೆತ್ತ ತೆರಿಗೆಯನ್ನು ಮಾರುವಾಗ ವಜಾ ಮಾಡಿಕೊಳ್ಳುತ್ತೀರಿ. ಆಸ್ಪತ್ರೆಗೆ ಆ ಅನುಕೂಲವಿಲ್ಲ. ಚಿಕಿತ್ಸೆಗೆ ತೆರಿಗೆಯಿಲ್ಲವೆಂದು ಕಾನೂನು ಹೇಳುತ್ತದೆ, ನಿಜ. ಆದರೆ ಅದೇ ಕಾರಣಕ್ಕೆ ಕೈಗವಸಿನ ಮೇಲೆ, ಬ್ಯಾಂಡೇಜಿನ ಮೇಲೆ ತೆತ್ತ ತೆರಿಗೆ ಆಸ್ಪತ್ರೆಗೆ ವಾಪಸು ಬರುವುದಿಲ್ಲ. ಸಾಲದೆಂದು 2020ರ ಬಜೆಟ್ಟಿನಲ್ಲಿ ಹೊರದೇಶದಿಂದ ಬರುವ ವೈದ್ಯಕೀಯ ಉಪಕರಣಗಳ ಮೇಲೆ ಶೇಕಡ 5ರ ಆರೋಗ್ಯ ಸೆಸ್ಸು ಬಿತ್ತು. ಉದ್ದೇಶ ಏನು ಗೊತ್ತೇ? ಹಿಂದುಳಿದ ಜಿಲ್ಲೆಗಳಲ್ಲಿ ಆಸ್ಪತ್ರೆ ಕಟ್ಟಲು ಹಣ ಕೂಡಿಸುವುದು. ಆಸ್ಪತ್ರೆಯ ಸಾಮಾನಿಗೆ ಸುಂಕ ಹಾಕಿ ಆಸ್ಪತ್ರೆ ಕಟ್ಟುವ ಜಾಣತನ!

2025ರ ಸೆಪ್ಟೆಂಬರ್ 22ರಿಂದ ಔಷಧಿ, ಬ್ಯಾಂಡೇಜು, ಶಸ್ತ್ರಚಿಕಿತ್ಸೆಯ ಕೈಗವಸುಗಳ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಒಳ್ಳೆಯ ಕೆಲಸ, ಒಪ್ಪೋಣ. ಆದರೆ ಮೂಲ ಬೆಲೆ ನಿಂತಲ್ಲೇ ನಿಂತಿತ್ತೆ? ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಅಗತ್ಯ ಔಷಧಿಗಳ ಬೆಲೆಯನ್ನು 2022ರಲ್ಲಿ ಶೇಕಡ 10.77, 2023ರಲ್ಲಿ ಶೇಕಡ 12.12 ಏರಿಸಲು ಕಂಪನಿಗಳಿಗೆ ಅಪ್ಪಣೆಯಾಯಿತು. ಎಲ್ಲ ಔಷಧಿಗೂ ಅಷ್ಟೇ ಏರಿತೆಂದು ಹೇಳಲಾರೆ. ಅಪ್ಪಣೆಯನ್ನು ಪೂರ್ತಿ ಬಳಸಿದ ಕಡೆ ಲೆಕ್ಕ ಹಾಕಿ: 100 ರೂಪಾಯಿಯ ಔಷಧಿ 124 ರೂಪಾಯಿ ದಾಟುತ್ತದೆ. ಹಿಂದೆ ತೆರಿಗೆ ಸೇರಿ 112 ಆಗುತ್ತಿದ್ದದ್ದು, ತೆರಿಗೆ ಇಳಿದ ಮೇಲೂ 130. 2024ರ ಅಕ್ಟೋಬರಿನಲ್ಲಿ ಎಂಟು ಔಷಧಿಗಳ ಕೆಲವು ತಯಾರಿಕೆಗಳಿಗೆ ಗರಿಷ್ಠ ಬೆಲೆಯನ್ನು ಒಮ್ಮೆಗೇ ಅರ್ಧದಷ್ಟು ಏರಿಸಿದರು. ಅದರಲ್ಲಿ ಉಬ್ಬಸದ ಸಾಲ್ಬುಟಮಾಲ್, ಕ್ಷಯದ ಸ್ಟ್ರೆಪ್ಟೊಮೈಸಿನ್ ಇವೆ. ಬೆಳೆಗೆ ಹೊಡೆಯುವ ಔಷಧಿಯ ವಿಷವೇರಿದವರಿಗೆ ಕೊಡುವ ಅಟ್ರೋಪಿನ್ನೂ ಇದೆ. ನಮ್ಮ ಜಿಲ್ಲೆಯಲ್ಲಿ ಅಟ್ರೋಪಿನ್ ಯಾರಿಗೆ ಬೇಕಾಗುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಚ್ಚಾ ಮಾಲಿನ ಬೆಲೆ ಏರಿತು, ಕಟ್ಟುವುದಿಲ್ಲ ಎಂದು ಕಂಪನಿಗಳು ವಾದಿಸಿದವು. ಆ ವಾದ ಪೂರ್ತಿ ಸುಳ್ಳಲ್ಲ. ಔಷಧಿಯ ಮೂಲವಸ್ತುವಿಗೆ ಬಹುಮಟ್ಟಿಗೆ ಚೀನಾದ ಬಾಗಿಲಿಗೆ ಹೋಗುವ ದೇಶ ನಮ್ಮದು.

ಈ ಬಿಕ್ಕಟ್ಟಿಗೆ ಸರ್ಕಾರಕ್ಕೆ ಸುಲಭವಾಗಿ ತೋರುವ ದಾರಿ ರೋಗಿಯ ಜೇಬು. 2024ರ ನವೆಂಬರಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಮೊದಲಾದ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿ 10 ರೂಪಾಯಿಂದ 20ಕ್ಕೆ ಹೋಯಿತು.

ಹಾಗೆಂದು ಅಗ್ಗ ಸಿಕ್ಕಿದ್ದನ್ನೆಲ್ಲ ಕೊಳ್ಳಿ ಎಂದೂ ನಾನು ಹೇಳುವುದಿಲ್ಲ. ಅದೇ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಂಶಯ ಬಿದ್ದದ್ದು ಡ್ರಿಪ್ ಹಾಕುವ ರಿಂಗರ್ಸ್ ಲ್ಯಾಕ್ಟೇಟ್ ಬಾಟಲಿಯ ಮೇಲೆ. ಆ ಕಂಪನಿಯ ಬಾಟಲಿ ಬಳಸಬೇಡಿರೆಂದು ಸರ್ಕಾರವೇ ತಡೆ ಹಾಕಿತು. ಪರೀಕ್ಷೆಗೆ ತಗಲುವ ಹಣದಲ್ಲಿ ಕೈಹಿಡಿತ ಮಾಡಬಾರದು.

ತಮಿಳುನಾಡಿನವರು 1994ರಲ್ಲಿ ಒಂದು ನಿಗಮ ಮಾಡಿದರು. ಇಡೀ ರಾಜ್ಯಕ್ಕೆ ಒಟ್ಟಿಗೆ ಖರೀದಿ. ಕಂಪನಿಯ ಹೆಸರಿನಲ್ಲಲ್ಲ, ಔಷಧಿಯ ಮೂಲ ಹೆಸರಿನಲ್ಲಿ. ಜಿಲ್ಲೆಗೆ ಉಗ್ರಾಣ, ಮಾದರಿ ಪರೀಕ್ಷೆಯಾದ ಮೇಲೆ ವಿತರಣೆ, ಪ್ರತಿ ಆಸ್ಪತ್ರೆಗೂ ಬ್ಯಾಂಕಿನವರು ಕೊಡುವಂಥ ಪಾಸ್‌ಬುಕ್ಕು. ಎಷ್ಟು ತಂದೆ, ಎಷ್ಟು ಉಳಿದಿದೆ ಎಂಬುದು ಅದರಲ್ಲೇ ಕಾಣುತ್ತದೆ. ನಮ್ಮ ರಾಜ್ಯದಲ್ಲೂ ಔಷಧಿ ಸರಬರಾಜಿಗೆ ನಿಗಮವಿದೆ. ನಿಗಮದಿಂದ ಮಾಲು ತಡವಾದರೆ ಆಸ್ಪತ್ರೆ ಸ್ಥಳೀಯವಾಗಿ ಕೊಳ್ಳುತ್ತದೆ. ಚಿಲ್ಲರೆಯಾಗಿ ಕೊಂಡರೆ ಬೆಲೆ ಹೆಚ್ಚು ಎಂಬುದು ಪೇಟೆಬೀದಿಯ ಹುಡುಗನಿಗೂ ಗೊತ್ತು. ಆ ಹಣವೂ ಮುಗಿದಾಗ ಚೀಟಿ ನಮ್ಮ ಕೈಗೆ ಬರುತ್ತದೆ.

ನಾವು ಕೇಳುವುದಿಷ್ಟು. ಮಂಡ್ಯದ ದೊಡ್ಡಾಸ್ಪತ್ರೆಯಲ್ಲೂ ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಾವ ಔಷಧಿ ಎಷ್ಟಿದೆ ಎಂಬ ಪಟ್ಟಿಯನ್ನು ಔಷಧಿ ಕೊಡುವ ಕಿಟಕಿಯ ಪಕ್ಕದಲ್ಲಿ ಕನ್ನಡದಲ್ಲಿ ತೂಗುಹಾಕಲಿ. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಕೊಂಡ ದರವನ್ನು ನಿಗಮದ ದರದ ಪಕ್ಕದಲ್ಲೇ ಬರೆಯಲಿ. ಹೊರಗಿನ ಚೀಟಿ ಬರೆದರೆ ಅದಕ್ಕೊಂದು ನಂಬರು ಹಾಕಿ ರಿಜಿಸ್ಟರಿಗೆ ಏರಿಸಲಿ.

ಇದಕ್ಕೆ ಮನವಿ ಬರೆಯುತ್ತಿದ್ದೇವೆ. ಬರಿ ಮಾತಿನ ಮನವಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ನಿಮ್ಮ ಮನೆಯ ಗೂಡಿನಲ್ಲಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟ ಚೀಟಿಗಳಿದ್ದರೆ, ಅಂಗಡಿಯ ಬಿಲ್ಲಿನ ಸಮೇತ ಬರುವ ಭಾನುವಾರ ತನ್ನಿ. ಔಷಧಿ ಅಂಗಡಿ ಇಟ್ಟಿರುವ ಗೆಳೆಯರೂ ಬನ್ನಿ. ದರ ಓದಿ ಹೇಳಲು ನೀವು ಬೇಕು.