ಎದುರಿಗೆ ಬರುವ ವಿಮಾನ

ಪ್ರೀತಿಯ ಮಕ್ಕಳೇ, ನಾನೂ ಇದೇ ಶಾಲೆಯ ವಿದ್ಯಾರ್ಥಿ. ರಿಮೋಟಿನಿಂದ ನಡೆಯುವ ಪುಟ್ಟ ವಿಮಾನಗಳನ್ನು ಕಟ್ಟಿ ಹಾರಿಸುವುದು ನನ್ನ ಹವ್ಯಾಸ.

ಮೊದಲ ವಿಮಾನಕ್ಕೆ ಎರಡು ತಿಂಗಳು ಹಿಡಿಯಿತು. ಹಗುರವಾದ ಬಾಲ್ಸಾ ಮರವನ್ನು ಕತ್ತರಿಸಿ ಅಂಟಿಸಿದೆ. ರೆಕ್ಕೆಗಳ ಕೆಳಗೆ ಬೆರಳಿಟ್ಟು ತೂಕ ನೋಡಿದೆ. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದ ಆಸುಪಾಸಿನಲ್ಲಿ ತೂಕ ನಿಲ್ಲಬೇಕು. ಬಾಲ ಭಾರವಾದರೆ ವಿಮಾನ ಮಾತು ಕೇಳುವುದಿಲ್ಲ. ಅದೆಲ್ಲ ಸರಿಯಾಗಿಯೇ ಇತ್ತು.

ವಿಮಾನ ಚೆನ್ನಾಗಿ ಏರಿತು. ತಿರುಗಿ ನನ್ನತ್ತ ಬರುವಾಗ ನನ್ನ ಎಡಗಡೆಗೆ ವಾಲಿತು. ನೇರ ಮಾಡಲು ಸ್ಟಿಕ್ಕನ್ನು ಬಲಕ್ಕೆ ತಳ್ಳಿದೆ. ಇನ್ನಷ್ಟು ವಾಲಿ ನೆಲಕ್ಕೆ ಬಡಿಯಿತು.

ಚೂರುಗಳನ್ನು ಆರಿಸುವಾಗ ನಮ್ಮ ಡ್ರಿಲ್ ಮೇಷ್ಟ್ರು ನೆನಪಾದರು. ನಮ್ಮೆದುರು ನಿಂತು "ಬಲಗೈ" ಎಂದು ಕೂಗಿ ತಾವು ಎಡಗೈ ಎತ್ತುತ್ತಿದ್ದರು. ಮೇಷ್ಟ್ರಿಗೆ ಎಡಬಲ ತಿಳಿಯದೆಂದು ನಾವು ನಗುತ್ತಿದ್ದೆವು. ಎದುರು ನಿಂತವರ ಬಲ ನಮ್ಮ ಎಡ. ಅವರು ನಮ್ಮ ಕಡೆಯಿಂದ ನೋಡಿ ಕಲಿಸುತ್ತಿದ್ದರು.

ಈಗ ವಿಮಾನ ಎದುರು ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ಅತ್ತಲೇ ಸ್ಟಿಕ್ ಒತ್ತುತ್ತೇನೆ, ಬೀಳುವವರಿಗೆ ಹೆಗಲು ಕೊಟ್ಟ ಹಾಗೆ. ಅದು ನೇರವಾಗುತ್ತದೆ.

ಇದನ್ನು ಮೇಷ್ಟ್ರಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ತೀರಿಕೊಂಡರು. ಅಂದಿನ ನಗುವಿಗೆ ಇಂದು ಈ ಮೈದಾನದ ಮುಂದೆ ಕ್ಷಮೆ ಕೇಳುತ್ತೇನೆ.

ಆ ಚೂರುಗಳಿಂದಲೇ ಮತ್ತೆ ಕಟ್ಟಿದ ವಿಮಾನ ವಿಜ್ಞಾನ ಕೊಠಡಿಯಲ್ಲಿದೆ. ಸಭೆ ಮುಗಿದ ಮೇಲೆ ಬನ್ನಿ. ಬೆರಳ ಮೇಲೆ ನಿಲ್ಲಿಸಿ ತೂಕ ನೋಡುವಿರಂತೆ.